ಸುಬ್ಬಲಕ್ಷ್ಮಿ ಒಪ್ಪದ ವರದಿ

ಸುಬ್ಬಲಕ್ಷ್ಮಿಯ ಸಿಟ್ಟು ನಿನ್ನೆ ಮೊನ್ನೆಯದಲ್ಲ. ಕೆ.ಆರ್. ಪುರದ ಆಚೆಗಿನ ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಅವಳು ಮೂವತ್ತೊಂದು ವರ್ಷ ದುಡಿದಳು. ಲೇತಿನಿಂದ ಇಳಿದ ಬಿಡಿಭಾಗಗಳನ್ನು ಗೇಜಿಗೆ ಹಾಕಿ ನೋಡುವುದು, ಅಳತೆ ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಹಾಕುವುದು ಅವಳ ಕೆಲಸ. ತಿಂಗಳ ಕೊನೆ, ಟಾರ್ಗೆಟ್ ಇದೆ, ಸ್ವಲ್ಪ ಅಡ್ಜಸ್ಟ್ ಮಾಡಿ ಮೇಡಂ ಎಂದು ಫೋರ್‌ಮನ್‌ಗಳು ಬಂದು ಹಲ್ಲು ಗಿಂಜಿದರೆ ಅವಳು ತಲೆಯನ್ನೂ ಎತ್ತುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ ಒಮ್ಮೆ ಅವಳು ಇಡೀ ದಿನದ ಮಾಲನ್ನು ವಾಪಸು ಕಳಿಸಿದಳು. ಶಾಪಿನವರು ‘ಆಪರೇಟರ್ ತಪ್ಪು’ ಎಂದು ಬರೆದು, ಯಂತ್ರ ನಡೆಸುತ್ತಿದ್ದ ಕೆಲಸಗಾರನಿಗೆ ಮೆಮೊ ಕೊಟ್ಟು ಕೈತೊಳೆದುಕೊಂಡರು. ಸುಬ್ಬಲಕ್ಷ್ಮಿಗೆ ಅದೇಕೋ ಸರಿಬರಲಿಲ್ಲ. ಎದ್ದು ಶಾಪಿಗೇ ನಡೆದಳು. ನೋಡಿದರೆ, ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಹಿಡಿಕೆಯೇ ಸವೆದು ಅಲ್ಲಾಡುತ್ತಿತ್ತು. ಅದನ್ನು ಬದಲಿಸಿಕೊಡಿ ಎಂದು ಆ ಕೆಲಸಗಾರ ಎರಡು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದ. ಚೀಟಿ ಫೋರ್‌ಮನ್ನಿನ ಡ್ರಾಯರಿನಲ್ಲಿ ಮಲಗಿತ್ತು. ಅವತ್ತು ಅವಳು ಫೋರ್‌ಮನ್ನಿನ ಮೇಜಿನ ಮುಂದೆ ನಿಂತು ಕೂಗಾಡಿದ್ದು ಕ್ಯಾಂಟೀನಿನವರೆಗೂ ಕೇಳಿಸಿತಂತೆ. ಮೆಮೊ ವಾಪಸಾಯಿತು. ಆ ಕೆಲಸಗಾರನ ಹೆಸರು ಶ್ರೀಕಾಂತ್. ಮಾರನೆಯ ವರ್ಷ ಇಬ್ಬರೂ ಮದುವೆಯಾದರು.

ಶ್ರೀಕಾಂತ್ ಅವಳಿಗೆ ತದ್ವಿರುದ್ಧ. ಎಂದೂ ದನಿ ಎತ್ತಿದವನಲ್ಲ. ಹೆಂಡತಿ ನೀರಿನ ಟ್ಯಾಂಕರಿನವನ ಜೊತೆ ಬೀದಿಯಲ್ಲಿ ಜಗಳಕ್ಕೆ ನಿಂತರೆ ಗೇಟಿನ ಹತ್ತಿರ ಬಂದು, "ಸಾಕು ಬಾರೇ, ಕಾಫಿ ಆರ್ತಿದೆ" ಎನ್ನುತ್ತಿದ್ದ, ಅಷ್ಟೆ. ನಿವೃತ್ತರಾದ ಮೇಲೆ ಇಬ್ಬರೂ ಹೂಡಿಯಲ್ಲಿ, ನೌಕರರ ಸಂಘ ಹಂಚಿದ್ದ ಸೈಟಿನಲ್ಲಿ ಕಟ್ಟಿಸಿದ ಮನೆಯಲ್ಲಿದ್ದರು. ಮನೆ ಕಟ್ಟುವಾಗ ಸುತ್ತ ರಾಗಿ ಹೊಲವಿತ್ತು. ಈಗ ತಾರಸಿ ಹತ್ತಿದರೆ ಮೂರು ಕಡೆ ಗಾಜಿನ ಕಟ್ಟಡ, ಒಂದು ಕಡೆ ರೈಲು ಹಳಿ. ಮಗಳು ಸುಕೃತಿ ಗಂಡನೊಂದಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಳು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಶ್ರೀಕಾಂತ್ ಬಂಗಾರಪೇಟೆ ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ವಾರಕ್ಕೊಂದು ದಿನ ಲೇತ್ ಕೆಲಸ ಹೇಳಿಕೊಡಲು ಒಪ್ಪಿಕೊಂಡಿದ್ದ. ಗುರುವಾರ ಹೋಗಿ ಅಲ್ಲೇ ಉಳಿದು, ಶುಕ್ರವಾರ ಬೆಳಿಗ್ಗೆಯ ಪ್ಯಾಸೆಂಜರಿನಲ್ಲಿ ಹಿಂದಿರುಗುತ್ತಿದ್ದ. ಕೊನೆಯ ಬೋಗಿಯಲ್ಲಿ ಜನ ಕಡಿಮೆ, ಆರಾಮಾಗಿ ಪೇಪರ್ ಓದಬಹುದು ಎಂದು ಯಾವಾಗಲೂ ಅದನ್ನೇ ಹತ್ತುತ್ತಿದ್ದ.

ಡಿಸೆಂಬರಿನ ಮೂರನೆಯ ಶುಕ್ರವಾರ ಬೆಳಿಗ್ಗೆ ಏಳು ಗಂಟೆಯಾದರೂ ಬೀದಿಯ ಆಚೆ ಬದಿಯ ಮನೆ ಕಾಣುತ್ತಿರಲಿಲ್ಲ. ಹಾಲಿನವನ ಗಾಡಿಯ ಸದ್ದು ಬಂತೇ ಹೊರತು ಗಾಡಿ ಕಾಣಲಿಲ್ಲ. ಸುಬ್ಬಲಕ್ಷ್ಮಿ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಫೋನ್ ಬಂತು.

"ರೈಲು ನಿಂತ್ಬಿಟ್ಟಿದೆ ಕಣೇ, ಹುಣಸೆಕುಂಟೆ ಸ್ಟೇಷನ್ ಹೊರಗೆ. ಬರೋದು ಸ್ವಲ್ಪ ತಡ ಆಗುತ್ತೆ" ಎಂದ ಶ್ರೀಕಾಂತ್.

"ಯಾಕಂತೆ?"

"ಮುಂದೆ ಲೈನ್ ಸಿಕ್ಕಿಲ್ವೇನೋ. ಕಿಟಕಿ ಆಚೆ ಕೈ ಚಾಚಿದ್ರೆ ನನ್ ಕೈನೇ ನಂಗೆ ಕಾಣ್ತಿಲ್ಲ, ಅಷ್ಟು ಮಂಜು."

"ಸ್ವೆಟರ್ ಹಾಕ್ಕೊಂಡಿದೀರಾ?"

"ಬ್ಯಾಗಲ್ಲಿದೆ."

"ಬ್ಯಾಗಿಗೇನು ಚಳಿ ಆಗುತ್ತೇನ್ರೀ? ಅರವತ್ಮೂರು ವರ್ಷ ಆಯ್ತು, ಇನ್ನೂ ನಾನೇ ಹೇಳ್ಬೇಕು..."

ಅವಳ ಮಾತು ಮುಗಿಯಲಿಲ್ಲ. ಕಬ್ಬಿಣದ ಬೀರುವೊಂದನ್ನು ಮಹಡಿಯ ಮೇಲಿಂದ ತಳ್ಳಿದಂಥ ಸದ್ದು ಕಿವಿಗೆ ಬಡಿಯಿತು. ಆಮೇಲೆ ಏನೂ ಇಲ್ಲ. ಅವಳು "ಏನ್ರೀ? ಏನ್ರೀ?" ಎಂದು ಕೂಗುತ್ತಲೇ ಇದ್ದಳು.

ಅದೇ ಹಳಿಯ ಮೇಲೆ ಕಾಲು ಗಂಟೆ ತಡವಾಗಿ ಹೊರಟಿದ್ದ ಇನ್ನೊಂದು ಪ್ಯಾಸೆಂಜರ್ ರೈಲು ಹಿಂದಿನಿಂದ ಬಂದು, ನಿಂತಿದ್ದ ರೈಲಿನ ಕೊನೆಯ ಬೋಗಿಯೊಳಕ್ಕೆ ನುಗ್ಗಿತ್ತು. ಎರಡೂ ರೈಲುಗಳಲ್ಲಿ ಇದ್ದವರು ವೈಟ್‌ಫೀಲ್ಡಿನ ಕಚೇರಿಗಳನ್ನು ಗುಡಿಸಿ ಒರೆಸುವ ಹೆಂಗಸರು, ಸೆಕ್ಯುರಿಟಿ ಕೆಲಸದವರು, ಕಾರ್ಖಾನೆಗಳ ಕಾಂಟ್ರಾಕ್ಟ್ ಕಾರ್ಮಿಕರು. ಹತ್ತೊಂಬತ್ತು ಜನ ಸತ್ತರು. ಗುದ್ದಿದ ರೈಲಿನ ಚಾಲಕನೂ ಸತ್ತ. ಶ್ರೀಕಾಂತನ ದೇಹ ಸಿಕ್ಕಿದ್ದು ಮಧ್ಯಾಹ್ನದ ಹೊತ್ತಿಗೆ.

ಹನ್ನೊಂದು ಗಂಟೆಗೆ ಸುಬ್ಬಲಕ್ಷ್ಮಿ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದಳು. ಗಂಡ ಬದುಕಿದ್ದಾನೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಗೋಡೆಗೆ ನೇತುಹಾಕಿದ್ದ ಟೀವಿಯಲ್ಲಿ ಮಫ್ಲರ್ ಸುತ್ತಿಕೊಂಡ ಅಧಿಕಾರಿಯೊಬ್ಬ ಮೈಕುಗಳ ಮುಂದೆ ಹೇಳುತ್ತಿದ್ದ: "ಪ್ರಾಥಮಿಕ ಮಾಹಿತಿ ಪ್ರಕಾರ ಹಿಂದಿನ ರೈಲಿನ ಚಾಲಕ ಕೆಂಪು ಸಿಗ್ನಲ್ ದಾಟಿ ಬಂದಿದ್ದಾನೆ. ಇದು ಚಾಲಕನ ಲೋಪ."

ಪಕ್ಕದಲ್ಲಿ ನಿಂತವರೆಲ್ಲ ಚಾಲಕನಿಗೆ ಶಾಪ ಹಾಕಿದರು. ಕುಡಿದಿದ್ದನಂತೆ ಎಂದರು ಒಬ್ಬರು. ಫೋನಿನಲ್ಲಿ ಮಾತಾಡುತ್ತಿದ್ದನಂತೆ ಎಂದರು ಇನ್ನೊಬ್ಬರು. ಸುಬ್ಬಲಕ್ಷ್ಮಿ ಟೀವಿಯನ್ನೇ ನೋಡುತ್ತಿದ್ದಳು. ಆ ಅಧಿಕಾರಿಯ ಬೆನ್ನ ಹಿಂದೆ ಬೋಗಿ ಕತ್ತರಿಸುವ ಗ್ಯಾಸಿನ ಕಿಡಿ ಹಾರುತ್ತಿತ್ತು. ಒಳಗೆ ಜನ ಇನ್ನೂ ಸಿಕ್ಕಿಕೊಂಡಿದ್ದರು.

"ಮಂಜೇ ಇನ್ನೂ ಪೂರ್ತಿ ಕರಗಿಲ್ಲ" ಎಂದಳು ಮಗಳಿಗೆ. "ಆಗ್ಲೇ ಯಾರ ತಪ್ಪು ಅಂತ ಗೊತ್ತಾಗ್ಹೋಯ್ತಾ ಇವ್ರಿಗೆ?"

"ಅಮ್ಮಾ, ಈಗ ಅದೆಲ್ಲ ಬೇಡ" ಎಂದು ಸುಕೃತಿ ಅವಳ ತೋಳು ಹಿಡಿದಳು. ತಾಯಿಯ ಮೈ ಜ್ವರ ಬಂದವರ ಹಾಗೆ ಕಾಯುತ್ತಿತ್ತು.

ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಮುಗಿಯುವವರೆಗೂ ಸುಬ್ಬಲಕ್ಷ್ಮಿ ಅತ್ತಿದ್ದನ್ನು ಯಾರೂ ನೋಡಲಿಲ್ಲ. ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಆ ಡ್ರೈವರಿನ ಮನೆ ಎಲ್ಲಿದೆ?" ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೊನೆಗೆ ಹೇಳಿದ್ದು ಪೇಪರ್. ಚಾಲಕನ ಹೆಸರು ಮುತ್ತು, ವಯಸ್ಸು ಮೂವತ್ನಾಲ್ಕು, ಕಾಡುಗೋಡಿಯಲ್ಲಿ ಬಾಡಿಗೆ ಮನೆ. ಮನೆಗೆ ಕಲ್ಲು ಬಿದ್ದಿದೆ. ಹೆಂಡತಿ ಮಗುವನ್ನು ಕರೆದುಕೊಂಡು ಕುಪ್ಪಂನಲ್ಲಿರುವ ತವರಿಗೆ ಹೋಗಿದ್ದಾಳೆ. ತಾಯಿ ಒಬ್ಬಳೇ ಇದ್ದಾಳೆ.

"ಅಲ್ಲಿಗೆ ಹೋಗಿ ಏನ್ಮಾಡ್ತೀಯಮ್ಮ? ಬೈತೀಯಾ?" ಎಂದಳು ಸುಕೃತಿ.

"ಕೇಳ್ತೀನಿ."

"ಏನಂತ?"

"ಅದು ಅಲ್ಲಿಗೆ ಹೋದ್ಮೇಲೆ ಗೊತ್ತಾಗುತ್ತೆ."

ಆಟೋ ಹಿಡಿದು ಒಬ್ಬಳೇ ಹೋದಳು. ಕಿಟಕಿಯ ಗಾಜು ಒಡೆದಲ್ಲಿ ರಟ್ಟು ಅಂಟಿಸಿದ್ದರು. ಬಾಗಿಲು ತಟ್ಟಿದಳು. ಒಳಗೆ ಪಾತ್ರೆಯ ಸದ್ದು ಥಟ್ಟನೆ ನಿಂತಿತು. ಎರಡು ಸಲ, ಮೂರು ಸಲ ತಟ್ಟಿದರೂ ಬಾಗಿಲು ತೆರೆಯಲಿಲ್ಲ. ಸುಬ್ಬಲಕ್ಷ್ಮಿ ಮೆಟ್ಟಿಲ ಮೇಲೆ ಕೂತಳು. ಬಿಸಿಲು ಏರಿತು. ಒಂದು ಗಂಟೆಯ ಮೇಲೆ ಚಿಲಕ ಸರಿದು ಬಾಗಿಲು ಒಂದು ಗೇಣು ತೆರೆಯಿತು. ಸಣ್ಣ ಮೈಕಟ್ಟಿನ ಮುದುಕಿ. ಮುತ್ತುವಿನ ತಾಯಿ ಪಿಳ್ಳಮ್ಮ.

"ಯಾರವ್ವ ನೀನು?"

"ರೈಲಲ್ಲಿ ನನ್ನ ಗಂಡ ಹೋದ್ರು. ಕೊನೇ ಬೋಗಿ."

ಪಿಳ್ಳಮ್ಮ ಬಾಗಿಲನ್ನು ಪೂರ್ತಿ ತೆರೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸಿಲ ಮೇಲೆ ನಿಂತಳು. "ಒಡೀಬೇಕಾ? ಒಡಿ. ಉಗೀಬೇಕಾ? ಉಗಿ. ಎಲ್ಲಾ ಬಂದು ಅದೇ ಮಾಡಿ ಓದ್ರು. ನೀನು ಯಾಕೆ ಬಾಕಿ ಉಳೀಬೇಕು?"

"ನಾನು ಕೇಳೋಕೆ ಬಂದಿದೀನಿ. ನಿಮ್ಮ ಮಗ ಆ ಸಿಗ್ನಲ್ ಬಗ್ಗೆ ಯಾವಾಗ್ಲಾದ್ರೂ ಏನಾದ್ರೂ ಹೇಳಿದ್ನಾ?"

ಮುದುಕಿ ಅವಳನ್ನೇ ದಿಟ್ಟಿಸಿದಳು. ಆಸ್ಪತ್ರೆಯಲ್ಲಾಗಲಿ, ಠಾಣೆಯಲ್ಲಾಗಲಿ, ಕಲ್ಲು ಹೊಡೆದವರಾಗಲಿ, ಯಾರೂ ಅವಳನ್ನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

"ಬರೆದಿದ್ದ" ಎಂದಳು. "ಅದೇನೋ ನಂಗೆ ಓದಕ್ ಬರಕ್ಕಿಲ್ಲ. ಡ್ಯೂಟಿಯಿಂದ ಬಂದು ಅನ್ನ ಉಣ್ಣಕ್ ಮುಂಚೆ ಬರೀತಿದ್ದ. ಆಪೀಸಲ್ಲಿ ಬರೆದಿದ್ದನ್ನ ಮನೇಲೂ ಬರ್ಕೊಂತೀನಿ ಕಣವ್ವ, ನಾಳೆ ಇಲ್ಲ ಅಂದ್ರೆ ಬೇಕಾಯ್ತದೆ ಅಂತಿದ್ದ."

ಒಳಗಿನಿಂದ ಒಂದು ಇನ್ನೂರು ಪುಟದ ಶಾಲೆಯ ನೋಟ್‌ಬುಕ್ ಬಂತು. ಸುಬ್ಬಲಕ್ಷ್ಮಿ ಕನ್ನಡಕ ಹಾಕಿಕೊಂಡು ಮೆಟ್ಟಿಲ ಮೇಲೆಯೇ ಓದಿದಳು. ದುಂಡನೆಯ ಅಕ್ಷರ. ನವೆಂಬರ್ ಇಪ್ಪತ್ತೆಂಟು: ಹುಣಸೆಕುಂಟೆ ಸಿಗ್ನಲ್ ಮಂಜಿನಲ್ಲಿ ಹತ್ತಿರ ಹೋಗುವ ತನಕ ಕಾಣಲಿಲ್ಲ, ಪಟಾಕಿ ಇಟ್ಟಿಲ್ಲ, ಬುಕ್ಕಿನಲ್ಲಿ ಬರೆದಿದ್ದೇನೆ. ಡಿಸೆಂಬರ್ ಒಂಬತ್ತು: ಅದೇ ಸಿಗ್ನಲ್, ಪಟಾಕಿ ಇಲ್ಲ, ಮತ್ತೆ ಬರೆದೆ. ಡಿಸೆಂಬರ್ ಹದಿನೇಳು: ಮೂರನೇ ಸಲ ಬರೆದೆ, ಇನ್‌ಸ್ಪೆಕ್ಟರ್ ಸಾಹೇಬರಿಗೆ ಬಾಯಲ್ಲೂ ಹೇಳಿದೆ, ಇದೇನು ದೆಹಲಿಯಾ ಎಂದು ನಕ್ಕರು.

ಅದಾದ ಮೂರನೆಯ ದಿನ ಅವನು ಸತ್ತಿದ್ದ. ಅವಳ ಗಂಡನೂ.

ಅವಳು ನೋಟ್‌ಬುಕ್ಕನ್ನು ಪಟ್ಟನೆ ಮುಚ್ಚಿದಳು. ದುಃಖಕ್ಕಲ್ಲ. ನಕ್ಕ ಆ ಮನುಷ್ಯ ಈಗ ಎದುರಿಗೆ ಸಿಕ್ಕರೆ ಅವನ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಅರವತ್ತೊಂದು ವರ್ಷದ ಹೆಂಗಸು, ಮಂಡಿನೋವು, ಬೀಪಿ ಮಾತ್ರೆ, ಯಾವುದೂ ನೆನಪಾಗಲಿಲ್ಲ. ಪಿಳ್ಳಮ್ಮ ಒಂದು ಲೋಟ ನೀರು ತಂದುಕೊಟ್ಟಳು. ಸುಬ್ಬಲಕ್ಷ್ಮಿ ಕುಡಿದು, "ಈ ಪಟಾಕಿ ಅಂದ್ರೇನು?" ಎಂದಳು.

"ನಂಗೇನ್ ಗೊತ್ತವ್ವ? ಪಾಪಯ್ಯನ್ನ ಕೇಳು. ಹಳೇ ಗ್ಯಾಂಗ್‌ಮನ್ನು. ಹುಣಸೆಕುಂಟೇಲೇ ಅವ್ನೆ."

ಪಾಪಯ್ಯ ಹಳಿ ಕಾಯುವ ಗ್ಯಾಂಗಿನಲ್ಲಿ ಮೂವತ್ತೈದು ವರ್ಷ ಇದ್ದು ನಿವೃತ್ತನಾದವನು. ಹುಣಸೆಕುಂಟೆಯಲ್ಲಿ ಹಳಿಯಿಂದ ಕೂಗಳತೆಯಲ್ಲೇ ಅವನ ಮನೆ. ಸುಬ್ಬಲಕ್ಷ್ಮಿ ಮರುದಿನವೇ ಅವನನ್ನು ಹುಡುಕಿಕೊಂಡು ಹೋದಳು. ಅವನು ಜಗುಲಿಯ ಮೇಲೆ ಕೂತು ಬೀಡಿ ಹಚ್ಚಿ ಹೇಳಿದ:

"ಮಂಜು ಬಿದ್ದಾಗ ದೀಪ ಕಾಣಾಕಿಲ್ಲ ಅಲ್ವ್ರಾ? ಅದ್ಕೇ ಸಿಗ್ನಲ್ಲಿಗಿಂತ ಮುಂಚೇನೇ ಅಳಿ ಮ್ಯಾಲೆ ಪಟಾಕಿ ಕಟ್ಟೋದು. ಬಿಲ್ಲೆ ತರ ಇರ್ತದೆ. ಚಕ್ರ ಅತ್ತಿದ್ ತಕ್ಷಣ ಢಮ್ ಅಂತದೆ. ಡ್ರೈವರು, ಓ ಸಿಗ್ನಲ್ ಬಂತು ಅಂತ ಬ್ರೇಕ್ ಇಡೀತಾನೆ. ನಮ್ ಕಾಲ್ದಾಗೆ ಮಾಗಿ ಬಂತು ಅಂದ್ರೆ ಇಬ್ರು ಅದ್ಕೇ ಇದ್ರು. ಬೆಂಕಿ ಆಕ್ಕೊಂಡು ಅಲ್ಲೇ ಕೂತಿರ್ತಿದ್ವಿ."

"ಈಗ ಯಾರು ಕೂರ್ತಾರೆ?"

"ಯಾರೂ ಇಲ್ಲ. ನಾನು ಬಿಟ್ ಮ್ಯಾಲೆ ಆ ಜಾಗಕ್ಕೆ ಇನ್ನೊಬ್ಬನ್ನ ಆಕ್ಲೇ ಇಲ್ಲ. ವರ್ಸಕ್ಕೆ ನಾಕ್ ದಿನ ಬೀಳೋ ಮಂಜಿಗೆ ಆಳು ಯಾಕೆ ಅಂದ್ರಂತೆ."

"ಅವತ್ತು ಢಮ್ ಅನ್ನೋ ಸದ್ದು ಕೇಳಿಸ್ತಾ?"

ಪಾಪಯ್ಯ ಬೀಡಿ ನೆಲಕ್ಕೆ ಒತ್ತಿ ಆರಿಸಿದ. "ರೈಲು ಗುದ್ದಿದ ಸದ್ದು ಕೇಳಿಸ್ತು ತಾಯಿ. ಅದ್ಕೂ ಮುಂಚೆ ಏನೂ ಕೇಳಿಸ್ಲಿಲ್ಲ."

ಜನವರಿಯಲ್ಲಿ ಮಂಜು ಬಿದ್ದ ದಿನಗಳನ್ನು ಅವಳು ಒಂದನ್ನೂ ಬಿಡಲಿಲ್ಲ. ಬೆಳಗಿನ ಜಾವ ಎದ್ದು, ಶಾಲು ಹೊದ್ದು, ಟ್ಯಾಕ್ಸಿ ಹಿಡಿದು ಹುಣಸೆಕುಂಟೆಗೆ ಹೋಗುತ್ತಿದ್ದಳು. ಹಳಿಯ ಪಕ್ಕದಲ್ಲೇ ಮಣ್ಣಿನ ರಸ್ತೆ. ಹಳಿಯ ಉದ್ದಕ್ಕೂ ವಿದ್ಯುತ್ ತಂತಿ ಹೊತ್ತ ಕಂಬಗಳಿದ್ದವು, ಪ್ರತಿಯೊಂದಕ್ಕೂ ಒಂದು ನಂಬರು. ಎರಡು ಕಂಬಗಳ ನಡುವೆ ಎಷ್ಟು ಹೆಜ್ಜೆ ಎಂದು ಪಾಪಯ್ಯ ನಡೆದು ತೋರಿಸಿದ. ಸುಮಾರು ಅರವತ್ತು ಮೀಟರು. ಸಿಗ್ನಲ್ಲಿನಿಂದ ಹಿಂದಕ್ಕೆ ನಡೆಯುತ್ತ ಹೋಗಿ, ದೀಪ ಕಣ್ಣಿಂದ ಮರೆಯಾದ ಕಡೆ ನಿಂತು ಕಂಬದ ನಂಬರು ಬರೆದುಕೊಂಡು, ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದಳು. ತಾರೀಖು, ಗಂಟೆ, ನಿಮಿಷ. ಐದು ದಿನದಲ್ಲಿ ನಾಲ್ಕು ದಿನ ಒಂದೇ ಕಂಬದ ದೂರಕ್ಕೆ ದೀಪ ಮಾಯವಾಗುತ್ತಿತ್ತು.

ಮೂರನೆಯ ದಿನ ಸುಕೃತಿಯೂ ಬಂದಳು. ತಾಯಿಯನ್ನು ವಾಪಸು ಕರೆದುಕೊಂಡು ಹೋಗಲೆಂದೇ ಬಂದವಳು.

"ಅಮ್ಮಾ, ನಿಂಗೇನಾದ್ರೂ ಆದ್ರೆ ನಾನೇನು ಮಾಡ್ಲಿ? ಅಪ್ಪ ಇದ್ದಿದ್ರೆ ಇದನ್ನೆಲ್ಲ ಮಾಡೋಕೆ ಬಿಡ್ತಿದ್ರಾ?"

"ನಿಮ್ಮಪ್ಪ ಇದ್ದಿದ್ರೆ ನಾನ್ಯಾಕೆ ಇಲ್ಲಿರ್ತಿದ್ದೆ?" ಎಂದು ಸುಬ್ಬಲಕ್ಷ್ಮಿ ಗದರಿದಳು. "ಇಲ್ಲಿ ನಿಂತ್ಕೋ. ಸಿಗ್ನಲ್ ಕಾಣುತ್ತಾ ಹೇಳು."

ಸುಕೃತಿ ನೋಡಿದಳು. ಎಲ್ಲ ಕಡೆಯೂ ಬಿಳಿ. "ಇಲ್ಲ."

"ಅರವತ್ತರಲ್ಲಿ ಓಡೋ ರೈಲು ಬ್ರೇಕ್ ಹಾಕಿದ್ಮೇಲೆ ನಿಲ್ಲೋಕೆ ಐದಾರು ಕಂಬ ಬೇಕು ಅಂತಾನೆ ಪಾಪಯ್ಯ. ದೀಪ ಕಾಣೋದು ಒಂದು ಕಂಬಕ್ಕೆ. ಮುಂದೆ ಕೆಂಪಿದೆ ಅಂತ ಎಚ್ಚರಿಸೋ ಹಿಂದಿನ ಹಳದಿ ದೀಪದ ಕಥೆಯೂ ಇಷ್ಟೇ. ಆ ಹುಡುಗ ಏನು ಮಾಡ್ಬೇಕಿತ್ತು? ವಾಸನೆ ಹಿಡೀಬೇಕಿತ್ತಾ?"

ಅವಳ ದನಿ ಮಂಜಿನಲ್ಲಿ ಗಡಸಾಗಿ ಕೇಳಿಸಿತು. ಸುಕೃತಿ ಫೋನ್ ತೆಗೆದು ತಾನೂ ಫೋಟೋ ಹಿಡಿದಳು. ಉಳಿದ ದಿನಗಳಲ್ಲಿ ಅವಳೇ ಕಾರಿನಲ್ಲಿ ಕರೆತಂದಳು.

ಅಪಘಾತದ ಬಗ್ಗೆ ತಿಳಿದವರು ಬಂದು ಹೇಳಿಕೆ ಕೊಡಬಹುದು ಎಂದು ಪೇಪರಿನ ಮೂಲೆಯಲ್ಲಿ ಒಂದು ಪ್ರಕಟಣೆ ಬಂದಿತ್ತು. ಜನವರಿ ಕೊನೆಯಲ್ಲಿ ವಿಚಾರಣೆ. ಸುಬ್ಬಲಕ್ಷ್ಮಿ ಪಿಳ್ಳಮ್ಮನನ್ನೂ ಪಾಪಯ್ಯನನ್ನೂ ಜೊತೆಗೆ ಕರೆದುಕೊಂಡು ಹೋದಳು. ಹೊರಗಿನ ಬೆಂಚುಗಳ ಮೇಲೆ ಸತ್ತವರ ಮನೆಯವರು ಕೂತಿದ್ದರು. ಹೆಂಡತಿಯನ್ನು ಕಳೆದುಕೊಂಡ ಚಿರಂಜೀವಿ ಎಂಬ ಸೆಕ್ಯುರಿಟಿ ಗಾರ್ಡ್, ಪಿಳ್ಳಮ್ಮ ಯಾರೆಂದು ತಿಳಿದ ಕೂಡಲೆ ಎದ್ದು ಬಂದ.

"ಮೇಡಂ, ನಿಮಗೆ ನಾಚ್ಕೆ ಆಗಲ್ವಾ? ನಿಮ್ ಗಂಡನ್ನ ಕೊಂದವನ ತಾಯೀನ ಪಕ್ಕದಲ್ಲಿ ಕೂರಿಸ್ಕೊಂಡಿದೀರಲ್ಲ!"

ಪಿಳ್ಳಮ್ಮ ಎದ್ದು ಹೊರಟಳು. ಸುಬ್ಬಲಕ್ಷ್ಮಿ ಅವಳ ರಟ್ಟೆ ಹಿಡಿದು ಕೂರಿಸಿದಳು. "ಕೂತ್ಕೊಳ್ಳಪ್ಪ ನೀನೂ" ಎಂದಳು ಚಿರಂಜೀವಿಗೆ. "ನಿನ್ನ ಸಿಟ್ಟು ಸರಿಯಾಗೇ ಇದೆ. ಸಿಟ್ಟು ತೋರಿಸ್ತಿರೋ ಬಾಗಿಲು ಸರಿ ಇಲ್ಲ. ಸತ್ತವನು ಎದುರು ಮಾತಾಡಲ್ಲ, ಅವನ ತಲೆಗೆ ಕಟ್ಟೋದು ಸುಲಭ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದಾರೆ. ಒಳಗೆ ಬಾ, ನಾನು ಹೇಳೋದನ್ನ ಕೇಳು, ಆಮೇಲೆ ಎಷ್ಟು ಬೇಕಾದ್ರೂ ಬೈ."

ಅವನು ಕೂರಲಿಲ್ಲ. ಗೋಡೆಗೊರಗಿ ನಿಂತ.

ಒಳಗೆ ಉದ್ದನೆಯ ಮೇಜು, ಮೇಜಿನ ಆಚೆ ಮೂವರು. ನಡುವೆ ಕೂತಿದ್ದ ವಿಚಾರಣಾಧಿಕಾರಿ ನಯವಾಗಿಯೇ ಮಾತಾಡಿದ.

"ಬನ್ನಿ ಮೇಡಂ. ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ."

"ನಾನು ದುಃಖ ಹೇಳ್ಕೊಳ್ಳೋಕೆ ಬಂದಿಲ್ಲ ಸಾರ್."

"ಸರಿ. ಚಾಲಕನ ಬಗ್ಗೆ ನಿಮ್ಮ ದೂರು ಏನು, ಹೇಳಿ."

"ಚಾಲಕನ ಮೇಲೆ ನಂದು ದೂರಿಲ್ಲ. ನಿಮ್ಮ ಇಲಾಖೆ ಮೇಲಿದೆ."

ಪಕ್ಕದಲ್ಲಿದ್ದವನು ಪೆನ್ನು ಕೆಳಗಿಟ್ಟ. ಸುಬ್ಬಲಕ್ಷ್ಮಿ ಫೋಟೋಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದಳು. ಕಂಬದ ನಂಬರು, ತಾರೀಖು, ಸಮಯ ಹೇಳುತ್ತ ಹೋದಳು. ನೋಟ್‌ಬುಕ್ಕಿನ ಮೂರು ಪುಟಗಳನ್ನು ಗಟ್ಟಿಯಾಗಿ ಓದಿದಳು. ಆ ದಿನಗಳಲ್ಲಿ ಮುತ್ತು ಬರೆದ ಕಚೇರಿಯ ಬುಕ್ಕನ್ನು ತರಿಸಿ, ಈಗಲೇ ತರಿಸಿ ಎಂದಳು.

"ಅದು ಆಂತರಿಕ ದಾಖಲೆ ಮೇಡಂ" ಎಂದ ಪೆನ್ನಿನವನು. "ಅದೂ ಅಲ್ದೆ ನಮ್ಮ ಕಡೆ ಮಂಜು ಅಪರೂಪ. ಉತ್ತರದಲ್ಲಾದ್ರೆ..."

"ಅಪರೂಪ?" ಸುಬ್ಬಲಕ್ಷ್ಮಿ ಮೇಜಿನ ಮೇಲೆ ಕೈ ಬಡಿದಳು. ಫೋಟೋಗಳು ಚದುರಿದವು. "ಹತ್ತೊಂಬತ್ತು ಜನ ಸಾಯೋಕೆ ಎಷ್ಟು ದಿನದ ಮಂಜು ಬೇಕು ಸಾರ್? ಒಂದು ಬೆಳಿಗ್ಗೆ ಸಾಕಾಯ್ತು! ಆ ಹುಡುಗ ಮೂರು ಸಲ ಬರೆದ. ಮೂರು ಸಲ! ನೀವು ಒಂದ್ಸಲ ಓದಿದ್ರಾ? ಓದಿ ನಕ್ಕಿದ್ದು ಯಾರು? ಅವರ ಹೆಸರು ಈ ಫೈಲಲ್ಲಿ ಎಲ್ಲಿದೆ ತೋರ್ಸಿ. ಸತ್ತವನದೇ ತಪ್ಪು ಅಂತ ಬೆಳಿಗ್ಗೆ ಹನ್ನೊಂದು ಗಂಟೆಗೇ ಟೀವೀಲಿ ಹೇಳಿದ್ರಲ್ಲ, ಬದುಕಿರೋನ ಹೆಸರು ಬರೆಯೋಕೆ ಇನ್ನೂ ಕೈ ಬಂದಿಲ್ವಾ?"

ಬಾಗಿಲಲ್ಲಿ ನಿಂತಿದ್ದ ಚಿರಂಜೀವಿ, "ಹೇಳ್ರಿ ಸಾರ್, ಯಾರು ನಕ್ಕಿದ್ದು?" ಎಂದ. ಅವನನ್ನು ಹೊರಗೆ ಕಳಿಸಿದರು. ವಿಚಾರಣಾಧಿಕಾರಿ ನೀರು ಕುಡಿದು, ಪಾಪಯ್ಯನ ಹೇಳಿಕೆಯನ್ನೂ ಬರೆಸಿಕೊಂಡು, ಬುಕ್ಕನ್ನು ತರಿಸಲು ಚೀಟಿ ಬರೆದ. ಬುಕ್ಕು ಬಂತು. ಮೂರೂ ದೂರುಗಳು ಅದರಲ್ಲಿದ್ದವು. ಅವುಗಳ ಪಕ್ಕದ ಅಂಕಣದಲ್ಲಿ ‘ನೋಡಲಾಗಿದೆ’ ಎಂಬ ಒಂದೇ ಪದ, ಒಂದೇ ಸಹಿ.

ಸುಬ್ಬಲಕ್ಷ್ಮಿ ಅಂದು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಗಂಡನ ಕುರ್ಚಿಯ ಮೇಲೆ ಕೂತು ಮೊದಲ ಸಲ ಅತ್ತಳು. ಅಳುವಿನ ನಡುವೆಯೂ ಬೈಯುತ್ತಿದ್ದಳು. ನೋಡಲಾಗಿದೆಯಂತೆ, ನೋಡಲಾಗಿದೆಯಂತೆ.

ವರದಿ ಹೊರಬಿದ್ದಿದ್ದು ಆಗಸ್ಟಿನಲ್ಲಿ. ಸುಕೃತಿ ಅದನ್ನು ಅಚ್ಚು ಹಾಕಿಸಿ ತಂದಳು. ಅರವತ್ತು ಪುಟದ ಇಂಗ್ಲಿಷನ್ನು ತಾಯಿ ಮಗಳು ಎರಡು ದಿನ ಕೂತು ಓದಿದರು. ಪಟಾಕಿ ಇಡದಿದ್ದದ್ದು ಲೋಪ ಎಂದು ಒಪ್ಪಿಕೊಂಡಿದ್ದರು. ಖಾಲಿ ಹುದ್ದೆಗಳನ್ನು ತುಂಬಬೇಕೆಂದು ಶಿಫಾರಸು ಮಾಡಿದ್ದರು. ಚಾಲಕ ಕುಡಿದಿರಲಿಲ್ಲ, ಅವನ ಫೋನ್ ಬ್ಯಾಗಿನಲ್ಲಿ ಆಫ್ ಆಗಿತ್ತು ಎಂದೂ ಸ್ಪಷ್ಟವಾಗಿ ಬರೆದಿದ್ದರು. ನಕ್ಕ ಇನ್‌ಸ್ಪೆಕ್ಟರ್‌ಗೆ ಎಚ್ಚರಿಕೆ ಕೊಟ್ಟು ಬೇರೆ ಕಡೆಗೆ ವರ್ಗ ಮಾಡಿದ್ದರು. ಆದರೆ ಕೊನೆಯ ಪುಟದಲ್ಲಿ ಒಂದು ಸಾಲಿತ್ತು. ಮಂಜಿದ್ದಾಗ ಗಂಟೆಗೆ ಅರವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸಬಾರದು. ಯಂತ್ರದ ದಾಖಲೆಯ ಪ್ರಕಾರ ಚಾಲಕನ ವೇಗ ಅರವತ್ತೆರಡು ಇತ್ತು. ಆದ್ದರಿಂದ ಅಪಘಾತಕ್ಕೆ ಅವನೂ ಸಮಾನ ಹೊಣೆ.

ಆ ಸಾಲನ್ನು ಸುಬ್ಬಲಕ್ಷ್ಮಿ ನಾಲ್ಕು ಸಲ ಓದಿದಳು. ಜೀವಮಾನವಿಡೀ ಕೂದಲೆಳೆಗೆ ಮಾಲು ತಿರಸ್ಕರಿಸಿದವಳು ಅವಳು. ಅರವತ್ತು ಎಂದರೆ ಅರವತ್ತೇ, ಅರವತ್ತೆರಡಲ್ಲ ಎಂದು ಯಾರಾದರೂ ಹೇಳಿದರೆ ಅವಳಿಗೆ ಎದುರಾಡಲು ನಾಲಗೆ ಬಾರದು. ಅದೇ ಅವಳನ್ನು ಸುಟ್ಟಿತು. ಅವನು ಅರವತ್ತರಲ್ಲೇ ಬಂದಿದ್ದರೂ ಗುದ್ದುತ್ತಿತ್ತು, ಐವತ್ತರಲ್ಲಿ ಬಂದಿದ್ದರೂ ಗುದ್ದುತ್ತಿತ್ತು. ಅದು ಬರೆದವರಿಗೂ ಗೊತ್ತಿತ್ತು.

ಮರುದಿನ ತಾಯಿ ಮಗಳು ಕಾಡುಗೋಡಿಗೆ ಹೋದರು. ಕಿಟಕಿಗೆ ಹೊಸ ಗಾಜು ಬಂದಿತ್ತು. ಪಿಳ್ಳಮ್ಮ ಚಾಪೆ ಹಾಸಿದಳು. ಸುಬ್ಬಲಕ್ಷ್ಮಿ ಒಳ್ಳೆಯ ಸುದ್ದಿಯನ್ನು ಮೊದಲು ಹೇಳಿದಳು. ಕುಡಿದಿರಲಿಲ್ಲ, ಫೋನ್ ಮುಟ್ಟಿರಲಿಲ್ಲ, ಬರೆದುಕೊಟ್ಟಿದ್ದು ನಿಜ ಎಂದು ಸರ್ಕಾರವೇ ಬರೆದಿದೆ. ಪಿಳ್ಳಮ್ಮ ತಲೆಯಾಡಿಸುತ್ತ ಕೇಳಿದಳು. ಆಮೇಲೆ ಕೊನೆಯ ಸಾಲು.

"ಅರ್ದ ತಪ್ಪು ಅವ್ನದು ಅಂದ್ರಾ?"

"ಹೂಂ."

"ಅರ್ದ ತಪ್ಪು ಅಂದ್ರೇನವ್ವ? ನನ್ ಮಗ ಅರ್ದ ಕೊಲೆಗಾರ್ನಾ?"

ಸುಬ್ಬಲಕ್ಷ್ಮಿ ವರದಿಯನ್ನು ಮಡಿಚಿ ಚಾಪೆಯ ಮೇಲಿಟ್ಟಳು.

"ಅದೇನೋ ಎಲ್ಡು ಜಾಸ್ತಿ ಓಡಿಸ್ದ ಅಂದ್ಯಲ್ಲ. ಎಲ್ಡು ಅಂದ್ರೆ ಎಷ್ಟು? ನಾನು ನಡಿಯೋಷ್ಟಾ?"

"ಅಷ್ಟೂ ಇಲ್ಲ ಕಣಮ್ಮ. ಮಗೂನ ಕೈ ಹಿಡ್ಕೊಂಡು ನಡೆಸ್ತೀವಲ್ಲ, ಅಷ್ಟು."

ಪಿಳ್ಳಮ್ಮ ಕೂತಲ್ಲಿಂದ ಎದ್ದಳು. ಅವಳ ಮುಖ ಕೆಂಪಾಗಿತ್ತು. "ಅದನ್ನ ಯಾವನು ನೋಡ್ದ? ಮೀಟರ್ ಏಳ್ತಾ? ನಮ್ ಬೀದಿ ಆಟೋದೋರ ಮೀಟರೆಲ್ಲ ಸರಿಯಾಗಿ ಓಡ್ತದಾ? ಇವ್ರ ಮೀಟರ್ ಒಂದೇ ಸತ್ಯ ಅರಿಶ್ಚಂದ್ರನ್ ಮೊಮ್ಮಗಾನಾ?"

ಸುಬ್ಬಲಕ್ಷ್ಮಿ ಮುದುಕಿಯನ್ನೇ ನೋಡಿದಳು. ಎರಡು ದಿನ ಅರವತ್ತು ಪುಟ ಓದಿದರೂ ತನಗೇ ಹೊಳೆಯದಿದ್ದ ಪ್ರಶ್ನೆ! ಆ ಮೀಟರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಅದು ಎಷ್ಟು ಹೆಚ್ಚುಕಡಿಮೆ ತೋರಿಸಬಹುದು? ಆ ಪ್ರಮಾಣಪತ್ರ ಎಲ್ಲಿ? ವರದಿಯಲ್ಲಿ ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ಸುಕೃತಿ, ಪೆನ್ನು ಕೊಡು" ಎಂದಳು.

ಮಾಹಿತಿ ಹಕ್ಕಿನ ಅರ್ಜಿಯನ್ನು ಆ ಚಾಪೆಯ ಮೇಲೆಯೇ ಕೂತು ಬರೆದಳು. ಮೂವತ್ತು ದಿನಕ್ಕೆ ಉತ್ತರ ಬಂತು: ‘ಕೋರಿದ ದಾಖಲೆ ಲಭ್ಯವಿರುವುದಿಲ್ಲ.’ ಅದನ್ನು ಓದಿ ಅವಳು ಹಲ್ಲು ಕಡಿದಳು. ಮೇಲ್ಮನವಿ ಹಾಕಿದಳು. ಚಿರಂಜೀವಿ ತಾನಾಗಿಯೇ ಹುಡುಕಿಕೊಂಡು ಮನೆಗೆ ಬಂದು, ಇನ್ನೂ ಏಳು ಕುಟುಂಬಗಳ ಸಹಿ ಹಾಕಿಸಿಕೊಟ್ಟ. ಪಿಳ್ಳಮ್ಮನ ಮುಖ ನೋಡಲು ಅವನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ, ಅವಳು ಬರುವ ಹೊತ್ತಿಗೆ ಎದ್ದು ಹೋಗುತ್ತಿದ್ದ.

ಮೇಲ್ಮನವಿಯ ವಿಚಾರಣೆ ಬರುವ ಮಂಗಳವಾರ. ನಿನ್ನೆ ಆ ಕಚೇರಿಯಿಂದ ಫೋನ್ ಬಂದಿತ್ತು. ಮೇಡಂ, ವಯಸ್ಸಾದವರು, ಅಷ್ಟು ದೂರ ಯಾಕೆ ಬರ್ತೀರಿ, ಏನಿದ್ರೂ ಪೋಸ್ಟಿನಲ್ಲಿ ಕಳಿಸಿ ಎಂದರು.

"ಬರ್ತೀನಿ" ಎಂದಳು ಸುಬ್ಬಲಕ್ಷ್ಮಿ. "ಒಬ್ಬಳೇ ಅಲ್ಲ, ಆ ಡ್ರೈವರಿನ ತಾಯೀನೂ ಸೇರಿ ಹತ್ತು ಜನ ಬರ್ತೀವಿ. ಕುರ್ಚಿ ಹಾಕ್ಸಿಡಿ."